ಬೆಳ್ಳಿ ಮೂಡುವ ತನಕ

ಹರೆಯಕ್ಕೂ ಇರುಳಿಗೂ ಇರುವ ನಂಟು ಬಲು ಹಳೆಯದು. ಸಂಸ್ಕೃತದ ಕವಿಗಳು ಅಭಿಸಾರಿಕೆಯನ್ನು ಕಾರ್ಗತ್ತಲೆಯಲ್ಲಿ ನಡೆಯಿಸಿದರು. ನಮ್ಮ ಚಂಪೂಕವಿಗಳು ಚಂದ್ರೋದಯವನ್ನು ಬಣ್ಣಿಸದೆ ಕಾವ್ಯವನ್ನು ಮುಗಿಸಲೊಲ್ಲದೆ ಹೋದರು. ಆದರೆ ಕಾವ್ಯದ ಇರುಳನ್ನು ನಾವು ನಡುಹಗಲಿನಲ್ಲಿಯೂ ಓದಬಹುದು. ಇರುಳಿನಲ್ಲಿಯೇ ಕಣ್ತೆರೆದು, ಇರುಳಿನಲ್ಲಿಯೇ ಬೆಳೆದು, ಬೆಳ್ಳಿ ಮೂಡುವ ಹೊತ್ತಿಗೆ ಮಂಗಳ ಹಾಡುವ ಕಲೆಯನ್ನು ಕಾಣಬೇಕಾದರೆ ಘಟಪ್ರಭೆಯ ಆಸುಪಾಸಿನ ಹಳ್ಳಿಗಳಿಗೆ ಬರಬೇಕು. ಗೋಕಾಕ, ಮೂಡಲಗಿ, ಹುಕ್ಕೇರಿ, ಬೆಳಗಾವಿ ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಪ್ರಣಯವೆಂಬುದು ತಲೆಮಾರುಗಳ ಕಾಲ ಹಾಡಾಗಿ, ಕುಣಿತವಾಗಿ, ಮಾತಾಗಿ ಬಯಲಿನ ಅಟ್ಟದ ಮೇಲೆ ಬಂದು ನಿಂತಿದೆ. ಶ್ರೀಕೃಷ್ಣ ಪಾರಿಜಾತ, ರಾಧಾನಾಟ, ಸಂಗ್ಯಾ-ಬಾಳ್ಯಾ ಎಂಬ ಹೆಸರುಗಳನ್ನೆತ್ತಿದರೆ ಸಾಕು, ಇಲ್ಲಿಯ ಹಿರಿಯರ ಮುಖ ಅರಳುತ್ತದೆ.

ಆ ಅರಳಿದ ಮುಖ ನೆನೆಯುವುದು ಏನನ್ನು? ಕಥೆಯನ್ನಂತೂ ಅಲ್ಲ, ಕಥೆ ಎಲ್ಲರಿಗೂ ಮೊದಲೇ ಗೊತ್ತು. ರಾಗವನ್ನೇ ಎನ್ನೋಣವೆಂದರೆ ಹಾಡಿನ ಮೊದಲ ನುಡಿಯನ್ನು ಗುನುಗಿ ಮುಂದಿನದನ್ನು ಮರೆತವರೇ ಹೆಚ್ಚು. ಅವರು ನೆನೆಯುವುದು ಒಂದು ಇರುಳನ್ನು. ತಾವು ಹದಿನಾರು-ಹದಿನೆಂಟರವರಾಗಿದ್ದಾಗ ಮನೆಯವರ ಒಪ್ಪಿಗೆಯಿಂದಲೇ ಮನೆಯ ಹೊರಗೆ ಕಳೆದ ಇರುಳನ್ನು. ಈ ಆಟಗಳನ್ನು ಕುರಿತು ನಮ್ಮ ವಿದ್ವಾಂಸರು ಬೇಕಾದಷ್ಟು ಬರೆದಿದ್ದಾರೆ: ಕರ್ತೃ ಯಾರು, ಕಾಲ ಯಾವುದು, ಮೂಲ ಮರಾಠಿಯೋ ಕನ್ನಡವೋ ಎಂಬ ಚರ್ಚೆಗಳು ಬೇಕಾದವೇ. ಆದರೆ ಈ ಕಲೆಯ ಅರ್ಥದಲ್ಲಿ ಇರುಳಿನ ಪಾಲೆಷ್ಟು ಎಂಬುದನ್ನು ನಾವು ಸಾಕಷ್ಟು ವಿಚಾರಿಸಿಲ್ಲವೆಂದು ತೋರುತ್ತದೆ. ಆಟವನ್ನು ಎರಡು ಗಂಟೆಗಳ ಕಾರ್ಯಕ್ರಮವಾಗಿ ಕತ್ತರಿಸಿ ನೋಡುವ ಈ ದಿನಗಳಲ್ಲಿ ಆ ವಿಚಾರ ಅಗತ್ಯವಾಗಿದೆ.

ಇಬ್ಬರು ತಮ್ಮಣ್ಣರು, ಒಬ್ಬಳು ನಿಂಗಮ್ಮ

ಶ್ರೀಕೃಷ್ಣ ಪಾರಿಜಾತದ ಚರಿತ್ರೆಯಲ್ಲಿ ಇಬ್ಬರು ತಮ್ಮಣ್ಣರು ಬರುತ್ತಾರೆ. ಮೊದಲನೆಯವನು ರಾಯಚೂರು ಸೀಮೆಯ ಅಪರಾಳ ತಮ್ಮಣ್ಣ. ಆಟದ ಮೂಲಕರ್ತೃವೆಂದು ವಿದ್ವಾಂಸರು ಗುರುತಿಸುವುದು ಇವನನ್ನು. ಎರಡನೆಯವನು ಕುಲಗೋಡ ತಮ್ಮಣ್ಣ; ಅದನ್ನು ತಿದ್ದಿ, ಬೆಳೆಸಿ, ಜನದ ನಾಲಗೆಯ ಮೇಲೆ ನಿಲ್ಲಿಸಿದ ಕೀರ್ತಿ ಇವನದು. ಕುಲಗೋಡ ಹಿಂದೆ ಗೋಕಾಕ ತಾಲ್ಲೂಕಿನ ಹಳ್ಳಿ. ಗೋಕಾಕದಿಂದ ಬೇರ್ಪಟ್ಟು ಮೂಡಲಗಿ ತಾಲ್ಲೂಕಾದ ಮೇಲೆ ಅದು ಮೂಡಲಗಿಗೆ ಸೇರಿತು. ಎಲ್ಲಿಯೋ ಹುಟ್ಟಿದ ಆಟ ಇಲ್ಲಿಗೆ ಬಂದು ತನ್ನ ನಿಜವಾದ ನೆಲೆಯನ್ನು ಕಂಡುಕೊಂಡಿತೆಂದರೆ ಅದಕ್ಕೆ ನೆಲದ ಗುಣವೂ ಕಾರಣವಾಗಿರಬೇಕು. ಕವಿರಾಜಮಾರ್ಗಕಾರ ತಿರುಳ್ಗನ್ನಡದ ಸೀಮೆಯೊಳಗೆ ಎಣಿಸಿದ ಒಕ್ಕುಂದ ಇದೇ ಬೆಳಗಾವಿ ಜಿಲ್ಲೆಯದು. ಓದನ್ನು ಉದ್ದೇಶಿಸಿ ಕಲಿಯದಿದ್ದರೂ ಕಾವ್ಯಪ್ರಯೋಗದಲ್ಲಿ ನಿಪುಣರಾದ ಜನವೆಂದು ಅವನು ಕನ್ನಡಿಗರನ್ನು ಮೆಚ್ಚಿದ್ದು ಸುಮ್ಮನೆ ಅಲ್ಲ. ಅದಕ್ಕೆ ಸಾಕ್ಷಿ ಬೇಕಾದರೆ ಪಾರಿಜಾತದ ಸಂವಾದಗಳನ್ನು ಕೇಳಬೇಕು. ಹಾಡು ಮಾತ್ರ ಕಟ್ಟಿಟ್ಟದ್ದು. ಮಾತು ಆ ಹೊತ್ತಿಗೆ ಹುಟ್ಟುವಂಥದು. ಒಂದು ಊರಿನಲ್ಲಿ ಆಡಿದ ಮಾತು ಇನ್ನೊಂದು ಊರಿನಲ್ಲಿ ಹಾಗೆಯೇ ಬರುವುದಿಲ್ಲ.

ಕುಲಗೋಡದಂತೆಯೇ ಕೌಜಲಗಿಯೂ ಈ ಸೀಮೆಯ ಊರೇ. ಕೌಜಲಗಿ ನಿಂಗಮ್ಮನ ಹೆಸರನ್ನು ಹೇಳದೆ ಪಾರಿಜಾತದ ಮಾತು ಪೂರ್ತಿಯಾಗದು. ಗಂಡಸರೇ ಸೀರೆಯುಟ್ಟು ಸತ್ಯಭಾಮೆಯಾಗುವುದು ರೂಢಿಯಾಗಿದ್ದ ಬಯಲಾಟದ ಲೋಕದಲ್ಲಿ ಹೆಣ್ಣೊಬ್ಬಳು ರಂಗವನ್ನೇರಿ, ಆ ಆಟಕ್ಕೆ ತನ್ನ ಊರಿನ ಹೆಸರನ್ನೇ ಅಂಟಿಸಿದ್ದು ಸಣ್ಣ ಮಾತಲ್ಲ. ಅವಳ ದನಿಯನ್ನು ಇಂದಿನವರು ಕೇಳಿಲ್ಲ. ಆದರೂ ಹಾಡುಗಾರಿಕೆಯ ಮಾತು ಬಂದಾಗ ಈ ಸೀಮೆಯಲ್ಲಿ ಅವಳ ಹೆಸರು ಅಳತೆಗೋಲಾಗಿ ಉಳಿದಿದೆ. ಕುಲಗೋಡ ಆಟಕ್ಕೆ ಪದವನ್ನು ಕೊಟ್ಟಿತು, ಕೌಜಲಗಿ ಕಂಠವನ್ನು ಕೊಟ್ಟಿತು ಎಂದರೆ ಉತ್ಪ್ರೇಕ್ಷೆಯಾಗದು.

ಮಾನಿನಿಯ ಒಂದು ರಾತ್ರಿ

ಪಾರಿಜಾತದ ಕಥೆ ಎಷ್ಟು ಕಿರಿದು! ನಾರದ ಸ್ವರ್ಗದ ಹೂವೊಂದನ್ನು ತಂದು ಕೃಷ್ಣನಿಗೆ ಕೊಡುತ್ತಾನೆ. ಕೃಷ್ಣ ಅದನ್ನು ರುಕ್ಮಿಣಿಯ ಮುಡಿಗೇರಿಸುತ್ತಾನೆ. ಸುದ್ದಿ ಸತ್ಯಭಾಮೆಗೆ ಮುಟ್ಟುತ್ತದೆ. ಅವಳು ಮುನಿಯುತ್ತಾಳೆ, ಬೇಯುತ್ತಾಳೆ, ದೂತಿಯನ್ನು ಕಳುಹುತ್ತಾಳೆ, ಕಾಯುತ್ತಾಳೆ. ಕೊನೆಗೆ ಅವನು ಬರುತ್ತಾನೆ. ಇಷ್ಟೇ. ಓದಿ ಹೇಳಿದರೆ ಕಾಲು ಗಂಟೆ ಸಾಕು. ಇಷ್ಟನ್ನು ಆಡಲು ಇಡೀ ಇರುಳು ಬೇಕಾದುದೇಕೆ?

ಈ ಕಥೆಯನ್ನು ಕೈಗೆತ್ತಿಕೊಂಡವರು ನಮ್ಮವರು ಮಾತ್ರವೇ ಅಲ್ಲ. ಕೃಷ್ಣದೇವರಾಯನ ಆಸ್ಥಾನದ ನಂದಿ ತಿಮ್ಮನ ತೆಲುಗಿನಲ್ಲಿ ಪಾರಿಜಾತಾಪಹರಣವನ್ನು ಬರೆದು, ಮುನಿದ ಸತ್ಯಭಾಮೆಯ ಪಾದ ಕೃಷ್ಣನ ತಲೆಗೆ ತಾಗುವ ಸನ್ನಿವೇಶವನ್ನು ಪ್ರಸಿದ್ಧಗೊಳಿಸಿದ. ಕೂಚಿಪೂಡಿಯ ಭಾಮಾಕಲಾಪ ಅದೇ ಭಾಮೆಯ ವಿರಹವನ್ನು ನೃತ್ಯಕ್ಕೆ ಅಳವಡಿಸಿತು. ಒಂದು ಅರಮನೆಯ ಕಾವ್ಯ, ಮತ್ತೊಂದು ಶಾಸ್ತ್ರದ ಶಿಸ್ತಿಗೆ ಒಳಗಾದ ನೃತ್ಯ. ನಮ್ಮ ಪಾರಿಜಾತದ ಸತ್ಯಭಾಮೆ ಅರಮನೆಯಲ್ಲಿದ್ದರೂ ಅವಳ ಮಾತು ಹಿತ್ತಲಿನದು. ಸವತಿಯ ಮೇಲಿನ ಮತ್ಸರವನ್ನು ಅವಳು ಹೇಳಿಕೊಳ್ಳುವ ಧಾಟಿಯನ್ನು ಕೇಳಿದ ಯಾವ ಗೃಹಿಣಿಯೂ ಇದು ದ್ವಾರಕೆಯ ಸುದ್ದಿಯೆಂದು ತಿಳಿಯಲಾರಳು. ತನ್ನ ಓಣಿಯ ಸುದ್ದಿಯೆಂದೇ ತಿಳಿಯುತ್ತಾಳೆ.

ಅಲಂಕಾರಶಾಸ್ತ್ರದ ಪಾಠದಲ್ಲಿ ನಾವು ವಿದ್ಯಾರ್ಥಿಗಳಿಗೆ ವಿಪ್ರಲಂಭ ಶೃಂಗಾರವನ್ನು ಕಲಿಸುತ್ತೇವೆ. ಖಂಡಿತೆ, ವಿರಹೋತ್ಕಂಠಿತೆ ಎಂದು ನಾಯಿಕಾಭೇದಗಳನ್ನು ಬಾಯಿಪಾಠ ಮಾಡಿಸುತ್ತೇವೆ. ಲಕ್ಷಣವನ್ನು ತಪ್ಪಿಲ್ಲದೆ ಬರೆದವನಿಗೆ ಪೂರ್ಣ ಅಂಕಗಳು ಸಲ್ಲುತ್ತವೆ. ಆದರೆ ಕಾಯುವುದೆಂದರೇನು ಎಂಬುದು ಲಕ್ಷಣದಿಂದ ತಿಳಿಯುವಂಥದಲ್ಲ. ಪಾರಿಜಾತ ಅದನ್ನು ತಿಳಿಸುವ ಬಗೆ ಬೇರೆ. ಹತ್ತು ಗಂಟೆಯ ಹೊತ್ತಿಗೆ ಗಣಪತಿಯ ಸ್ತುತಿ ಆರಂಭವಾಗುತ್ತದೆ. ಭಾಗವತ ಒಂದೊಂದೇ ಪಾತ್ರವನ್ನು ಮಾತನಾಡಿಸಿ ಪರಿಚಯ ಮಾಡಿಸುತ್ತಾನೆ. ಗೊಲ್ಲತಿಯ ಪ್ರಸಂಗ ಬರುತ್ತದೆ, ಜನ ನಕ್ಕು ಹಗುರಾಗುತ್ತಾರೆ. ಸತ್ಯಭಾಮೆ ಬರುವ ಹೊತ್ತಿಗೆ ನಡುವಿರುಳು ಸಮೀಪಿಸಿರುತ್ತದೆ. ಹಾರ್ಮೋನಿಯಂ ಎಳೆಯುವ ಸ್ವರ, ತಬಲೆಯ ಠೇಕಾ, ತಾಳದ ಕಿಣಿಕಿಣಿ ಇವುಗಳ ನಡುವೆ ಅವಳು ದೂತಿಯನ್ನು ಕಳುಹುತ್ತಾಳೆ. ದೂತಿ ಹೋಗಿ ಬರಬೇಕು, ಬಂದು ಹೇಳಬೇಕು, ಮತ್ತೆ ಹೋಗಬೇಕು. ಕೊರವಂಜಿ ಬಂದು ಕಣಿ ಹೇಳಬೇಕು. ಅಷ್ಟರಲ್ಲಿ ಚಳಿ ಏರುತ್ತದೆ; ಕಂಬಳಿ ಹೊದ್ದ ಪ್ರೇಕ್ಷಕನ ಕಣ್ಣೆವೆ ಭಾರವಾಗುತ್ತದೆ. ಅವನೂ ಕೃಷ್ಣ ಎಂದು ಬಂದಾನೋ ಎಂದು ಕಾಯತೊಡಗುತ್ತಾನೆ.

ಇಲ್ಲಿಯೇ ಆಟದ ಗುಟ್ಟು ಇದೆ. ಸತ್ಯಭಾಮೆಯ ಇರುಳೂ ಪ್ರೇಕ್ಷಕನ ಇರುಳೂ ಒಂದೇ ಇರುಳು. ಗ್ರಂಥದಲ್ಲಿ ಕವಿ ‘ಯುಗವಾಯಿತು’ ಎಂದು ಬರೆದರೆ ನಾವು ನಂಬಬೇಕು. ಇಲ್ಲಿ ನಂಬುವ ಪ್ರಮೇಯವಿಲ್ಲ, ಬೆನ್ನಿಗೂ ಕಣ್ಣಿಗೂ ಅದು ಗೊತ್ತಾಗುತ್ತದೆ. ಮೂಡಣದಲ್ಲಿ ಬೆಳ್ಳಿ ಚಿಕ್ಕಿ ಕಾಣಿಸುವಾಗ ಕೃಷ್ಣ-ಸತ್ಯಭಾಮೆಯರು ಒಂದಾದರೆ ಬಯಲೆಲ್ಲ ನಿಟ್ಟುಸಿರು ಬಿಡುತ್ತದೆ. ಆ ಸಮಾಧಾನವನ್ನು ಕಲಾವಿದ ಕೊಟ್ಟದ್ದು ಅರ್ಧ. ಎಚ್ಚರವಿದ್ದು ಗಳಿಸಿದ್ದು ಅರ್ಧ.

ಬಯಲಿನ ಹರೆಯ

ಅಟ್ಟದ ಮೇಲಿನ ಪ್ರಣಯವಾಯಿತು; ಅಟ್ಟದ ಕೆಳಗಿನದನ್ನೂ ನೋಡಬೇಕು. ಪಟ್ಟಣದ ತರುಣರಿಗೆ ಸಿನಿಮಾ ಇತ್ತು, ಖಾನಾವಳಿ ಇತ್ತು, ತಿರುಗಾಡಲು ಪೇಟೆ ಇತ್ತು. ಹಳ್ಳಿಯ ತರುಣನ ಪಾಲಿಗೆ ಇರುಳೆಂದರೆ ದನಗಳಿಗೆ ಮೇವು ಹಾಕಿ ಮಲಗುವುದು. ತರುಣಿಯ ಪಾಲಿಗೆ ಒಲೆಯನ್ನು ಆರಿಸಿ ಬಾಗಿಲನ್ನು ಮುಚ್ಚುವುದು. ವರ್ಷದಲ್ಲಿ ಕೆಲವು ರಾತ್ರಿಗಳು ಮಾತ್ರ ಈ ನಿಯಮಕ್ಕೆ ಹೊರಗು: ಊರ ಜಾತ್ರೆಯ ರಾತ್ರಿ, ಸುಗ್ಗಿ ಮುಗಿದ ಮೇಲಿನ ಆಟದ ರಾತ್ರಿ. ‘ಯವ್ವಾ, ಆಟಕ್ಕ ಹೊಂಟೇನಿ’ ಎಂದರೆ ತಾಯಿ ‘ಹೊಚಗೊಳ್ಳಾಕ ಏನರ ತಗೊಂಡು ಹೋಗು’ ಎನ್ನುವಳೇ ಹೊರತು ಬೇಡವೆನ್ನುತ್ತಿರಲಿಲ್ಲ. ದೇವರ ಆಟ ತಾನೆ!

ಸುತ್ತಲಿನ ಹಳ್ಳಿಗಳಿಂದ ಚಕ್ಕಡಿ ಕಟ್ಟಿಕೊಂಡು ಜನ ಬರುವರು. ಚಹಾದ ಅಂಗಡಿ, ಚುರಮುರಿ, ಮಿರ್ಚಿ ಭಜಿಯ ವಾಸನೆ. ಮೊದಲು ಪಂಜು, ಅನಂತರ ಗ್ಯಾಸಬತ್ತಿ. ಅಟ್ಟದ ಒಂದು ಮಗ್ಗುಲಿಗೆ ಹೆಂಗಸರು, ಇನ್ನೊಂದು ಮಗ್ಗುಲಿಗೆ ಗಂಡಸರು. ಬೆಳಕೆಲ್ಲ ಅಟ್ಟದ ಮೇಲೆ; ಕೆಳಗೆ ನೆರಳು. ಮೆಚ್ಚಿದವನು ರಂಗಕ್ಕೆ ಬಂದು ಕಾಣಿಕೆ ಕೊಟ್ಟು ತನ್ನ ಹೆಸರನ್ನು ಕೂಗಿಸಿದರೆ, ಆ ಹೆಸರು ಕಲಾವಿದೆಯೊಬ್ಬಳಿಗಾಗಿಯೇ ಕೂಗಿಸಿದ್ದೆಂದು ಹೇಳುವಂತಿರಲಿಲ್ಲ. ಹೆಂಗಸರ ಸಾಲಿನಲ್ಲಿ ಅದನ್ನು ಕೇಳಬೇಕಾದ ಕಿವಿ ಇನ್ನೊಂದಿರಬಹುದು. ಅಂದಿನ ಹಳ್ಳಿಯ ಹುಡುಗನಿಗೆ ಮನಸ್ಸಿನ ಮಾತನ್ನು ನಾಲ್ಕು ಜನರ ಎದುರಿಗೆ ಹೇಳಲು ಬೇರೆ ದಾರಿ ಎಲ್ಲಿತ್ತು? ರಾಧೆಯ ನೆವದಿಂದ, ಸತ್ಯಭಾಮೆಯ ನೆವದಿಂದ ಅವನು ತನ್ನ ಹರೆಯವನ್ನು ಒಂದಿರುಳು ಬಯಲಿಗೆ ತರುತ್ತಿದ್ದ. ಅವಳೂ ಅಷ್ಟೇ. ತನ್ನ ಬಾಯಿಂದ ಎಂದೂ ಹೊರಬರಲಾರದ ಮಾತನ್ನು ಅಟ್ಟದ ಮೇಲಿನ ಹೆಣ್ಣು ಎತ್ತಿದ ದನಿಯಲ್ಲಿ ಹಾಡುವುದನ್ನು ಕೇಳಿ ಮನೆಗೆ ಮರಳುತ್ತಿದ್ದಳು.

ರಾಧಾನಾಟವನ್ನು ಈ ದೃಷ್ಟಿಯಿಂದ ಕಾಣಬೇಕು. ಭಾರಿ ಕಿರೀಟ, ಭುಜಕೀರ್ತಿಗಳ ದೊಡ್ಡಾಟಕ್ಕೆ ವೀರವೇ ಜೀವ. ಸಣ್ಣಾಟದಲ್ಲಿ ಉಡುಪು ನಿತ್ಯದ್ದು, ಮಾತು ನಿತ್ಯದ್ದು, ವಸ್ತುವೂ ನಿತ್ಯದ್ದು. ಹಿಮ್ಮೇಳದವರು ದಪ್ಪು-ತಾಳಗಳೊಡನೆ ಹಾಡನ್ನು ಎತ್ತಿಕೊಂಡರೆ ಪಾತ್ರಧಾರಿ ಹೆಜ್ಜೆ ಹಾಕುತ್ತಾನೆ. ಸಣ್ಣಾಟಗಳಲ್ಲಿ ಹಳೆಯದೆಂದು ಎಣಿಕೆಯಾದ ರಾಧಾನಾಟದಲ್ಲಿ ಕೃಷ್ಣ ಅವತಾರಪುರುಷನಾಗಿ ಕಾಣುವುದಕ್ಕಿಂತ ಕೆಣಕುವ ಹುಡುಗನಾಗಿ ಕಾಣುವುದೇ ಹೆಚ್ಚು; ರಾಧೆ ಸೋಲದೆ ಉತ್ತರ ಕೊಡುವ ಹುಡುಗಿ. ಮರಾಠಿ ತಮಾಶಾದ ಗವಳಣದಲ್ಲಿಯೂ ಗೊಲ್ಲತಿಯರನ್ನು ಅಡ್ಡಗಟ್ಟುವ ಕೃಷ್ಣನುಂಟು. ಹುಕ್ಕೇರಿ ಗಡಿಯ ಸೀಮೆ. ಎರಡೂ ಭಾಷೆಗಳು ಒಂದೇ ಸಂತೆಯಲ್ಲಿ ವ್ಯಾಪಾರ ಮಾಡುವ ನೆಲ. ಹಾಡು ಗಡಿಯನ್ನು ದಾಟಿ ಹೋಗಿ ಬಂದಿದ್ದರೆ ಅದರಲ್ಲಿ ಆಶ್ಚರ್ಯವೇನು? ಬೆಟಗೇರಿ ಕೃಷ್ಣಶರ್ಮರು ಗೋಕಾಕ ಸೀಮೆಯ ಬೆಟಗೇರಿಯಿಂದ ಬಂದು, ಆನಂದಕಂದರೆಂಬ ಹೆಸರಿನಿಂದ ಈ ಆಡುನುಡಿಯ ಪ್ರಣಯಕ್ಕೆ ಅಚ್ಚಿನ ಗೌರವವನ್ನು ಕೊಟ್ಟರು. ಅವರ ಕಿವಿಯನ್ನು ತಿದ್ದಿದ್ದು ಈ ಬಯಲುಗಳ ಹಾಡೇ ಇರಬೇಕೆಂದು ಊಹಿಸಿದರೆ ತಪ್ಪಾಗದು.

ಬೆಳಗಿನ ಲೆಕ್ಕ

ಇರುಳು ಕೊಟ್ಟ ಸಲಿಗೆಗೆ ಬೆಳಗು ಲೆಕ್ಕ ಕೇಳುತ್ತದೆ. ಪಾರಿಜಾತದಲ್ಲಿಯೂ ರಾಧಾನಾಟದಲ್ಲಿಯೂ ಆ ಲೆಕ್ಕ ಕೃಷ್ಣನ ಹೆಸರಿನಲ್ಲಿ ಮನ್ನಾ ಆಗುತ್ತದೆ. ದೇವರಿಗೆ ಯಾರು ದಂಡ ಹಾಕುವರು? ಮನ್ನಾ ಆಗದ ಲೆಕ್ಕವನ್ನು ಕಾಣಬೇಕಾದರೆ ಸಂಗ್ಯಾ-ಬಾಳ್ಯಾ ನೋಡಬೇಕು.

ಬೈಲಹೊಂಗಲದ ಸೀಮೆಯಲ್ಲಿ ನಡೆದ ಘಟನೆಯನ್ನು ಆಧರಿಸಿ ಪತ್ತಾರ ಮಾಸ್ತರ ಕಟ್ಟಿದ ಸಣ್ಣಾಟವಿದು. ಅಲ್ಲಿಂದ ಹೊರಟು ಜಿಲ್ಲೆಯ ಮೂಲೆಮೂಲೆಗಳಲ್ಲಿ ಆಡಿಸಿಕೊಂಡಿತು. ನಮ್ಮ ಮೂರು ತಾಲ್ಲೂಕುಗಳೂ ಅದನ್ನು ತಮ್ಮದೆಂದೇ ಭಾವಿಸಿದವು. ಸಂಗ್ಯಾ ಸಿರಿವಂತ ತರುಣ. ಬಾಳ್ಯಾ ಅವನ ಜೀವದ ಗೆಳೆಯ. ಸಂಗ್ಯಾನ ಕಣ್ಣು ಗಂಗೆಯ ಮೇಲೆ ಬೀಳುತ್ತದೆ. ಗಂಗೆ ಮದುವೆಯಾದವಳು, ಗಂಡ ವ್ಯಾಪಾರಕ್ಕೆಂದು ಪರಸ್ಥಳಕ್ಕೆ ಹೋಗುತ್ತಾನೆ. ಮುದುಕಿ ಪರಮ್ಮ ನಡುವೆ ಸುಳಿಯುತ್ತಾಳೆ. ಮೊದಲು ಒಲ್ಲೆನೆಂದ ಗಂಗೆ ಕೊನೆಗೆ ಒಲಿಯುತ್ತಾಳೆ. ಸುದ್ದಿ ಗಂಡನ ಕಿವಿಯನ್ನು ಮುಟ್ಟುತ್ತದೆ. ಬಾಳ್ಯಾ ಗೆಳೆಯನಿಗೆ ಎರಡು ಬಗೆಯುತ್ತಾನೆ, ಸಂಗ್ಯಾನ ಕೊಲೆಯಾಗುತ್ತದೆ.

ಊರ ಹಿರಿಯರು ಇಂಥ ಆಟಕ್ಕೆ ಅಪ್ಪಣೆ ಕೊಟ್ಟದ್ದು ಏಕೆಂದರೆ ಇದರ ಕೊನೆ ನೀತಿಯದು: ಪರಸತಿಯನ್ನು ಬಯಸಿದವನಿಗೆ ಇದೇ ಗತಿ. ಹರೆಯದವರು ಮತ್ತೆ ಮತ್ತೆ ನೋಡಿದ್ದು ಏಕೆಂದರೆ ಇದರ ಹಾಡು ಪ್ರಣಯದ್ದು. ಒಂದೇ ಆಟ ಇಬ್ಬರಿಗೂ ಬೇಕಾದುದನ್ನು ಕೊಟ್ಟಿತು. ಸೂಕ್ಷ್ಮವಾಗಿ ನೋಡಿದರೆ ಕಥೆಯ ತೀರ್ಪು ಒಂದು ಕಡೆಗಿದೆ, ಸಂಗೀತದ ಒಲವು ಇನ್ನೊಂದು ಕಡೆಗಿದೆ. ಇರುಳೆಲ್ಲ ಕಿವಿಯಲ್ಲಿ ತುಂಬಿದ್ದು ಗಂಗೆಯ, ಸಂಗ್ಯಾನ ಹಾಡುಗಳು. ಕೊನೆಯ ಗಳಿಗೆಯಲ್ಲಿ ಬಿದ್ದದ್ದು ಕೊಡಲಿಯ ಏಟಿನಂಥ ತೀರ್ಪು. ಪ್ರೇಕ್ಷಕ ನೀತಿಯನ್ನು ಒಪ್ಪಿಕೊಂಡು ಎದ್ದು ಹೋಗುತ್ತಾನೆ. ಹೊಲದಲ್ಲಿ ಕೆಲಸ ಮಾಡುವಾಗ ಗುನುಗುವುದು ಮಾತ್ರ ಹಾಡನ್ನು. ಹೆಸರುಳ್ಳ ನಾಟಕಕಾರರ ಕೃತಿಗಳಲ್ಲಿ ನಾವು ದ್ವಂದ್ವವೆಂದು ಕೊಂಡಾಡುವುದು ಇದನ್ನೇ ಅಲ್ಲವೇ? ಪತ್ತಾರ ಮಾಸ್ತರನಿಗೆ ಆ ಶಬ್ದ ಬೇಕಾಗಿರಲಿಲ್ಲ.

ನೆನಪು ಹಿಡಿಯುವ ದಾರಿ

ಹುಕ್ಕೇರಿ ತಾಲ್ಲೂಕಿನ ಘೋಡಗೇರಿ ಘಟಪ್ರಭೆಯ ದಂಡೆಯ ಮೇಲಿನ ಹಳ್ಳಿ. 1937ರಲ್ಲಿ ಅಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಗೋಕಾಕದಲ್ಲಿ ಶಾಲೆ ಕಲಿತು, ಮುಂದೆ ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನೇ ಸಂಶೋಧನೆಯ ವಿಷಯವನ್ನಾಗಿ ಮಾಡಿಕೊಂಡರು. ಅವರ ‘ಜೋಕುಮಾರಸ್ವಾಮಿ’ 1972ರಲ್ಲಿ ಬಿ. ವಿ. ಕಾರಂತರ ನಿರ್ದೇಶನದಲ್ಲಿ ರಂಗಕ್ಕೆ ಬಂದಾಗ ಬೆಂಗಳೂರಿನ ಸುಶಿಕ್ಷಿತ ಪ್ರೇಕ್ಷಕ ನಮ್ಮ ಬಯಲಾಟದ ಹಾಡನ್ನೂ ಹೆಜ್ಜೆಯನ್ನೂ ಬೆರಗಿನಿಂದ ಕಂಡ. ಮಕ್ಕಳಿಲ್ಲದ ಗೌಡತಿ, ಬಂಜರು ಮನಸ್ಸಿನ ಗೌಡ, ನೆಲವನ್ನೂ ಹೆಣ್ಣನ್ನೂ ಒಲಿಸಿಕೊಳ್ಳಬಲ್ಲ ಬಸಣ್ಣ, ಕೊನೆಯಲ್ಲಿ ಬಸಣ್ಣನ ಕೊಲೆ. ಸಂಗ್ಯಾನ ನೆರಳು ಇಲ್ಲಿ ಬಿದ್ದಿರುವುದನ್ನು ಸಹೃದಯರು ಗುರುತಿಸಬಲ್ಲರು. ಆದರೆ ಕಂಬಾರರು ಹಳೆಯ ಆಟವನ್ನು ಹಾಗೆಯೇ ಎತ್ತಿ ತರಲಿಲ್ಲ. ಉಳುವವನಿಗೆ ನೆಲ ಯಾರದು ಎಂಬ ಪ್ರಶ್ನೆಯನ್ನು ಅದರೊಳಗೆ ಬಿತ್ತಿದರು. ಸಣ್ಣಾಟದ ಅಂಚು ಅವರ ಕೈಯಲ್ಲಿ ಮೊಂಡಾಗದೆ ಇನ್ನಷ್ಟು ಹರಿತವಾಯಿತು. 2010ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಾಗ ಅದರಲ್ಲಿ ಹೆಸರಿಲ್ಲದ ಅನೇಕ ಭಾಗವತರ ಪಾಲೂ ಇದ್ದಿತೆಂದು ಹೇಳಬಹುದು.

ಅದೇ 1972ರಲ್ಲಿ ಸಾವಿರಾರು ಮೈಲಿಗಳಾಚೆ, ಅಮೆರಿಕೆಯ ನ್ಯೂಯಾರ್ಕಿನಲ್ಲಿ, ‘ಗ್ರೀಸ್’ ಎಂಬ ಸಂಗೀತ ನಾಟಕ ಆರಂಭವಾಯಿತು. ಜಿಮ್ ಜೇಕಬ್ಸ್ ಮತ್ತು ವಾರೆನ್ ಕೇಸಿ ಎಂಬ ಇಬ್ಬರು ಬರೆದು, ಹಿಂದಿನ ವರ್ಷ ಶಿಕಾಗೋ ನಗರದಲ್ಲಿ ಮೊದಲು ಆಡಿಸಿದ ನಾಟಕವದು. ವಸ್ತು 1959ರ ಹೈಸ್ಕೂಲಿನ ಹುಡುಗ-ಹುಡುಗಿಯರ ಪ್ರೇಮ, ಅವರ ರಾತ್ರಿಯ ತಿರುಗಾಟ, ಕುಣಿತ. ಹಳೆಯ ವಿದ್ಯಾರ್ಥಿಗಳು ಮತ್ತೆ ಕೂಡಿ ಹಿಂದಿನದನ್ನು ನೆನೆಯುವುದರಿಂದಲೇ ಅದು ತೊಡಗುತ್ತದೆ. ಹರೆಯ ಕಳೆದವರು ಹರೆಯವನ್ನು ನೋಡಲು ಮುಗಿಬಿದ್ದರು. 1980ರಲ್ಲಿ ಅದು ನಿಲ್ಲುವ ಹೊತ್ತಿಗೆ ನ್ಯೂಯಾರ್ಕಿನ ಆ ರಂಗದಲ್ಲಿ 3,388 ಪ್ರಯೋಗಗಳಾಗಿದ್ದವು. 1978ರಲ್ಲಿ ಚಲಚ್ಚಿತ್ರವಾಗಿ ಜಗತ್ತನ್ನೇ ಸುತ್ತಿತು. ಆದರೆ ಶಿಕಾಗೋದ ಮೊದಲ ರೂಪ ಹೆಚ್ಚು ಒರಟಾಗಿತ್ತು, ಆ ಊರಿನ ದುಡಿಯುವ ವರ್ಗದ ಮಕ್ಕಳ ಮಾತಿಗೆ ಹೆಚ್ಚು ನಿಷ್ಠವಾಗಿತ್ತು. ದೊಡ್ಡ ರಂಗಕ್ಕೂ ಅನಂತರ ಬೆಳ್ಳಿತೆರೆಗೂ ಬರುತ್ತ ಅದು ಮೆತ್ತಗಾಯಿತು, ಹೊಳಪೇರಿತು.

ಈ ಎರಡು ನಾಟಕಗಳಿಗೂ ಒಂದಕ್ಕೊಂದರ ಪರಿಚಯವಿಲ್ಲ. ಒಂದೇ ವರ್ಷದ ಈ ಎರಡು ಪ್ರಯೋಗಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ನೆನಪು ಹಿಡಿಯುವ ಎರಡು ದಾರಿಗಳು ಮಾತ್ರ ಸ್ಪಷ್ಟವಾಗುತ್ತವೆ. ಒಂದರಲ್ಲಿ ಕಳೆದ ಇರುಳನ್ನು ನೆನೆದು ಅದರ ನೋವನ್ನು ಒರೆಸಿ ಅಂದವನ್ನು ಮಾತ್ರ ಇಟ್ಟುಕೊಳ್ಳುತ್ತೇವೆ. ಇನ್ನೊಂದರಲ್ಲಿ ಆ ಇರುಳು ಕೇಳದೆ ಬಿಟ್ಟ ಪ್ರಶ್ನೆಯನ್ನು ಇಂದು ಕೇಳುತ್ತೇವೆ. ಮೊದಲನೆಯದು ಸುಖಕರ, ಯಾರೂ ಅದನ್ನು ತಪ್ಪೆನ್ನಲಾರರು. ಆದರೆ ನಮ್ಮ ಬಯಲಾಟಗಳ ವಿಷಯದಲ್ಲಿ ಬರಿಯ ಅಂದವನ್ನು ನೆನೆಯುವುದು ಅನ್ಯಾಯವಾಗುತ್ತದೆ. ಅದಕ್ಕೆ ಕಾರಣವುಂಟು.

ಮನೆಗೆ ಮರಳದವರು

ಆಟ ಮುಗಿದ ಮೇಲೆ ತರುಣ ತನ್ನ ಹೊಲಕ್ಕೆ ಹೋದ. ತರುಣಿ ತನ್ನ ಒಲೆಗೆ ಮರಳಿದಳು. ಅವರಿಬ್ಬರ ಇರುಳು ಒಂದೇ ಇರುಳು. ಅಟ್ಟದ ಮೇಲೆ ಹಾಡಿದ ಹೆಣ್ಣಿಗೆ ಅದು ಮಾರನೆಯ ದಿನವೂ ಇತ್ತು, ಜೀವಮಾನವೆಲ್ಲ ಇತ್ತು. ಆ ಕಾಲದಲ್ಲಿ ಕುಲೀನ ಮನೆತನದ ಹೆಣ್ಣು ರಂಗವನ್ನೇರುವ ಮಾತೇ ಇರಲಿಲ್ಲ. ಬಂದವರಲ್ಲಿ ಬಹುಮಂದಿ ದೇವರ ಹೆಸರಿನಲ್ಲಿ ಬಿಡಲ್ಪಟ್ಟವರ ಮನೆಗಳವರು. ಊರೆಲ್ಲ ಅವರ ಹಾಡಿಗೆ ತಲೆದೂಗಿತು. ಆ ಊರಿನ ಯಾವ ಮನೆಯೂ ಅವರನ್ನು ಸೊಸೆಯಾಗಿ ಕರೆಯಲಿಲ್ಲ. ಪ್ರಣಯವನ್ನು ಹಾಡುವ ಹಕ್ಕು ಅವರಿಗೆ ಸಿಕ್ಕಿದ್ದು ಮದುವೆಯ ಹಕ್ಕನ್ನು ಕಳೆದುಕೊಂಡುದರ ಬದಲಿಗೆ.

ಮುಂಬಯಿ ಪ್ರಾಂತದಲ್ಲಿ 1934ರಲ್ಲಿ ದೇವದಾಸಿಯರ ರಕ್ಷಣೆಯ ಕಾಯದೆ ಬಂದಿತು. ಬೆಳಗಾವಿ ಆಗ ಆ ಪ್ರಾಂತದ ಜಿಲ್ಲೆ. ಕರ್ನಾಟಕ ಸರಕಾರ 1982ರಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯದೆಯನ್ನು ಮಾಡಿತು. ಎರಡೂ ಅಗತ್ಯವಾಗಿದ್ದುವೆಂಬುದರಲ್ಲಿ ಸಂದೇಹವಿಲ್ಲ. ಆ ಪದ್ಧತಿ ಹೋಗಲೇಬೇಕಾಗಿತ್ತು. ಆದರೆ ಪದ್ಧತಿಯನ್ನು ಹಳಿಯುವಾಗ ಅದರೊಳಗೆ ಸಿಲುಕಿಯೂ ಕಲೆಯನ್ನು ಕಾಪಾಡಿದವರನ್ನು ಮರೆಯುವುದು ನ್ಯಾಯವೇ? ಪದ ಕಟ್ಟಿದ ತಮ್ಮಣ್ಣನ ಕರ್ತೃತ್ವವನ್ನು ಕುರಿತು ಪುಟಗಟ್ಟಲೆ ಬರೆದಿದ್ದೇವೆ. ಪದಕ್ಕೆ ಪ್ರಾಣ ಕೊಟ್ಟ ಹೆಣ್ಣುಗಳಲ್ಲಿ ಒಬ್ಬ ನಿಂಗಮ್ಮನ ಹೆಸರು ಉಳಿದಿದೆ. ಉಳಿದವರು ಬರಿಯ ‘ಪಾತ್ರದವರು’ ಆಗಿಯೇ ಹೋದರು. ಸತ್ಯಭಾಮೆ ಬೆಳಗಿನ ಜಾವದವರೆಗೆ ಕಾದು ಕೃಷ್ಣನನ್ನು ಪಡೆದಳು. ಅವಳ ವೇಷ ಹಾಕಿದವಳು ಕಾದಿದ್ದು ಯಾರಿಗಾಗಿ ಎಂದು ಯಾವ ಭಾಗವತನೂ ಕೇಳಲಿಲ್ಲ.

ಆದುದರಿಂದ ನಾವು ಈ ಆಟಗಳನ್ನು ನೆನೆಯುವಾಗ ಅಟ್ಟದ ಮೇಲಿನ ಬೆಳಕನ್ನಷ್ಟೇ ನೆನೆದರೆ ಸಾಲದು. ಬೆಳ್ಳಿ ಮೂಡಿದ ಮೇಲೆ ಬಣ್ಣವನ್ನು ಒರೆಸಿಕೊಂಡು, ಮುಂದಿನ ಊರಿನ ಹಾದಿಯನ್ನು ಹಿಡಿದ ಆ ಹೆಣ್ಣನ್ನೂ ನೆನೆಯಬೇಕು. ಈ ನೆನಪು ಸೇರಿದರೆ ನಮ್ಮ ಹಂಬಲಕ್ಕೆ ಒಂದು ತೂಕ ಬರುತ್ತದೆ.

ಎರಡು ಗಂಟೆಗಳ ಪಾರಿಜಾತ

ಇರುಳಿನ ಸ್ವರೂಪ ಬದಲಾಗಿ ಬಹಳ ಕಾಲವಾಯಿತು. ಗೋಕಾಕದ ಜಲಪಾತದ ಬಳಿ ನೂಲಿನ ಗಿರಣಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬಂದಿತು. ಗಿರಣಿಯ ಭೋಂಗಾ ಇರುಳನ್ನು ಪಾಳಿಗಳಾಗಿ ಹಂಚಿತು. ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಸ್ಥಾಪನೆಯಾಗಿ ಹಳ್ಳಿಹಳ್ಳಿಗೆ ದೀಪವನ್ನು ಮುಟ್ಟಿಸಿತು. ದೀಪ ಬಂದುದರಿಂದ ಮಕ್ಕಳ ಓದು ಬೆಳೆಯಿತು, ಬಾವಿಯ ನೀರು ಹೊಲಕ್ಕೆ ಏರಿತು. ಅದನ್ನು ಬೇಡವೆನ್ನುವವನು ಮೂರ್ಖ. ಅದರೊಡನೆ, ಅಟ್ಟದ ಮೇಲೆ ಮಾತ್ರ ಬೆಳಕು, ಕೆಳಗೆಲ್ಲ ನೆರಳು ಎಂಬ ಹಳೆಯ ವಿನ್ಯಾಸವೂ ಹೋಯಿತು. ಮುಂದೆ ದೂರದರ್ಶನ ಬಂದು ಆಟವನ್ನು ಮನೆಯೊಳಗೇ ತಂದಿತು. ಈಗಂತೂ ಹರೆಯದವರ ಕಿಸೆಯಲ್ಲಿಯೇ ದೂರವಾಣಿ ಇದೆ. ಸತ್ಯಭಾಮೆಯ ದೂತಿ ಹೋಗಿ ಬರಲು ಅರ್ಧರಾತ್ರಿ ಹಿಡಿಯುತ್ತಿತ್ತು. ಇಂದಿನ ಸಂದೇಶ ಕಣ್ಣು ಮಿಟುಕಿಸುವುದರೊಳಗೆ ಹೋಗಿ ಮುಟ್ಟುತ್ತದೆ, ಮುಟ್ಟಿತೆಂಬ ಗುರುತೂ ಕಾಣಿಸುತ್ತದೆ. ಉತ್ತರ ಹತ್ತು ನಿಮಿಷ ತಡವಾದರೆ ಅದೇ ದೊಡ್ಡ ವಿರಹ!

ಆಟಗಳೇನೋ ಸತ್ತಿಲ್ಲ. ಬಾಗಲಕೋಟೆಯಲ್ಲಿ ಬಯಲಾಟಕ್ಕೆಂದೇ ಒಂದು ಅಕಾಡೆಮಿ ಇದೆ; ಉತ್ಸವಗಳಲ್ಲಿ ಪಾರಿಜಾತದ ಮೇಳಗಳಿಗೆ ಕರೆ ಬರುತ್ತದೆ. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ಉತ್ಸವದ ವೇದಿಕೆಯಲ್ಲಿ ಮೇಳಕ್ಕೆ ಸಿಗುವುದು ಒಂದು ಗಂಟೆ, ಹೆಚ್ಚೆಂದರೆ ಎರಡು. ಗೊಲ್ಲತಿ ಬಂದು ಹೋಗುತ್ತಾಳೆ, ದೂತಿ ಓಡಿ ಬರುತ್ತಾಳೆ, ಕೊರವಂಜಿ ನಾಲ್ಕು ಮಾತು ಹೇಳುತ್ತಾಳೆ, ಕೃಷ್ಣ ಬಂದೇ ಬಿಡುತ್ತಾನೆ. ಹಾಡು ಅದೇ, ವೇಷ ಅದೇ, ಕಥೆ ಅದೇ. ಕಳೆದುಹೋದದ್ದು ಕಾಯುವುದೊಂದೇ. ಆ ಒಂದನ್ನು ಕಳೆದರೆ ಸತ್ಯಭಾಮೆಯ ವಿರಹ ನಮಗೆ ತಿಳಿದು ಬರುವ ಸುದ್ದಿಯಾಗುತ್ತದೆ, ಅನುಭವಕ್ಕೆ ಬರುವುದಿಲ್ಲ. ತಪ್ಪು ಕಲಾವಿದರದಲ್ಲ. ಕೊಟ್ಟ ಹೊತ್ತಿನಲ್ಲಿ ಅವರು ತಮ್ಮಿಂದಾದುದನ್ನು ಮಾಡುತ್ತಾರೆ. ಮೇಳದ ಹೊಟ್ಟೆಯೂ ತುಂಬಬೇಕು. ನಾವು ಅವರಿಂದ ಆಟವನ್ನು ಕೇಳಿದೆವು, ಇರುಳನ್ನು ಕೊಡಲಿಲ್ಲ.

ಇದಕ್ಕೆ ಉಪಾಯವಿಲ್ಲದಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ಕಾಲೇಜುಗಳಿವೆ, ಕನ್ನಡ ಸಂಘಗಳಿವೆ. ಪ್ರತಿ ವರ್ಷವೂ ಸ್ನೇಹಸಮ್ಮೇಳನ ನಡೆಯುತ್ತದೆ. ಹಾಡು-ಕುಣಿತಗಳಿಗೆ ಹಣವೂ ಒದಗುತ್ತದೆ. ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ಕುಲಗೋಡದಲ್ಲಿಯೋ ಕೌಜಲಗಿಯಲ್ಲಿಯೋ ಘೋಡಗೇರಿಯಲ್ಲಿಯೋ ಒಂದು ಇಡೀ ಇರುಳಿನ ಆಟವನ್ನು ಆಡಿಸಬಾರದೇಕೆ? ಮೊಟಕುಗೊಳಿಸದೆ, ಗೊಲ್ಲತಿಯಿಂದ ಮಂಗಳದವರೆಗೆ. ವಿದ್ಯಾರ್ಥಿಗಳು, ಹುಡುಗರಂತೆಯೇ ಹುಡುಗಿಯರೂ, ಕಂಬಳಿ ಹೊದ್ದು ಕುಳಿತು ನೋಡಲಿ. ಹಿಂದೆ ಹೆಂಗಸರಿಗೆ ಕೆಳಗಿನ ಸಾಲು ಮಾತ್ರ ಇತ್ತು. ಈಗ ಅಟ್ಟವೂ ಇರಲಿ. ಹಾಡಬಲ್ಲ ವಿದ್ಯಾರ್ಥಿನಿ ಸತ್ಯಭಾಮೆಯ ವೇಷ ಹಾಕಿ ಹಾಡಲಿ; ಹಾಡಿದ ಮರುದಿನ ತಲೆಯೆತ್ತಿ ತರಗತಿಗೆ ಬರಲಿ. ನಿಂಗಮ್ಮನ ಕಾಲದ ಹೆಣ್ಣಿಗೆ ದೊರೆಯದಿದ್ದ ಬೆಳಗು ಇವಳಿಗೆ ದೊರೆಯಲಿ. ಅಷ್ಟಾದರೆ ಹಳೆಯ ಇರುಳಿನ ಋಣದಲ್ಲಿ ಒಂದಿಷ್ಟನ್ನಾದರೂ ತೀರಿಸಿದಂತಾದೀತು.

ಅಂಥ ಇರುಳನ್ನು ಒಮ್ಮೆ ಎಚ್ಚರವಿದ್ದು ಕಳೆದ ವಿದ್ಯಾರ್ಥಿಗೆ ವಿಪ್ರಲಂಭದ ಲಕ್ಷಣವನ್ನು ಮತ್ತೆ ಹೇಳಿಕೊಡಬೇಕಾಗುವುದಿಲ್ಲ.